ಕೊಕ್ಕೆ

ಹರಾಜಿನಲ್ಲಿ ಅದನ್ನು ತೂಗಿ ಕೊಟ್ಟರು,
ಕಿಲೋಗೆ ಇಷ್ಟು ಎಂದು, ಹಂದಿಯ ಹಾಗೆ.
ಮಟಡೋರ್. ಮುಂದಿನ ಚಕ್ರ ಎರಡೂ ಇರಲಿಲ್ಲ.
ಟ್ರೇಲರಿನ ಮೇಲೆ ಮೂತಿಯಿಟ್ಟು
ಸಿದ್ದಾಪುರದಿಂದ ಅಮ್ಮತ್ತಿಯವರೆಗೆ
ಹಿಂಗಾಲಲ್ಲೇ ನಡೆದು ಬಂತು.
ಕಾಫಿ ಒಣಗಿಸುವ ಕಣ ಅರ್ಧ ಹೋಯಿತು.

ಅಕ್ಕ ಮೆಟ್ಟಿಲಿಳಿಯದೆ ನೋಡಿದಳು.
"ಇದು ನಮ್ಮ ಆಸ್ಪತ್ರೆ ಗಾಡಿಯಲ್ಲವಾ."

ಇಪ್ಪತ್ತಾರು ವರ್ಷ ತೋಟದ ಲೈನುಗಳಿಗೆಲ್ಲ
ಅವಳು ಸಿಸ್ಟರ್ ಪೂವಮ್ಮ.
ಅಕ್ಕ ಅನ್ನುವವಳು ನಾನೊಬ್ಬಳೇ.

ಮೊಯ್ದು ಬಂದ, ಗ್ಯಾಸಿನ ಸಿಲಿಂಡರು ಉರುಳಿಸಿಕೊಂಡು.
ಬಾಗಿಲಿಗೆ ಹೆಬ್ಬೆರಳೊತ್ತಿದ; ಬೆರಳು ಆಚೆ ಹೋಯಿತು.
"ತಗಡಿಗಿಂತ ಬಣ್ಣವೇ ಜಾಸ್ತಿ ಇದರಲ್ಲಿ."
ಎಮರಿ ಹಿಡಿದು ಉಜ್ಜಿದೆವು, ಉಗುರು ಸವೆಯುವಷ್ಟು.
ಮೇಲೆ ಹಸಿರು, ಆಳುಗಳನ್ನು ಹೊತ್ತ ಕಾಲದ್ದು.
ಅದರಡಿ ಹಳದಿ, ಯಾರದೋ ಬೇಕರಿ, ಅರ್ಧ ಬನ್ನು.
ಹಳದಿಯಡಿ ಬಿಳಿ. ಬಿಳಿಯ ನಡುವೆ
ಕೆಂಪು ಗೆರೆಯೊಂದು ಇನ್ನೊಂದನ್ನು ಅಡ್ಡ ಹಾಯುವ ಜಾಗ.
ಅಲ್ಲಿ ಅಕ್ಕ ನನ್ನ ಮಣಿಕಟ್ಟು ಹಿಡಿದಳು.
"ಇಲ್ಲಿಗೆ ನಿಲ್ಲಿಸು."

"ಇದರಡಿ ಕಾರ್ಖಾನೆಯ ಬೂದು ಇರುತ್ತದೆ.
ಹಳೆಯದು ಬೇಕೆಂದರೆ ಅಲ್ಲಿಗೇ ಹೋಗಬೇಕು."
"ಅದು ನನಗೆ ಪರಿಚಯವಿಲ್ಲ."

ಹೀಗೆ ಹತ್ತಿಕೊಂಡಿತು ಜಗಳ.
ಅವಳಿಗೆ ಹೇಗಿತ್ತೋ ಹಾಗೆ, ನನಗೆ ಹೇಗೆ ಬೇಕೋ ಹಾಗೆ.
ನನಗೆ ಬೇಕಿದ್ದದ್ದು ಒಂದು ಮಂಚ, ಒಂದು ಒಲೆ,
ಮಲಗಿದಲ್ಲಿಂದ ಕಾಣುವ ಮೊಳದಷ್ಟು ಆಕಾಶ.
ಸಿಲ್ವರ್ ಓಕ್ ಕೊಯ್ಸಿದೆ. ಅಂಚಿನ ತೊಗಟೆಯಲ್ಲಿ
ಮೆಣಸಿನ ಬಳ್ಳಿ ಕಚ್ಚಿದ ಗುರುತು ಹಾಗೇ ಇತ್ತು.
ಕಾಚಂಪುಳಿ ಬಾಟಲಿಗೇ ಒಂದು ಗೂಡು ಮಾಡಿದೆ.

ಅವಳು ಮಾತಿಲ್ಲದೆ ಬಾಗಿಲ ಹಿಡಿ ತಿಕ್ಕುತ್ತಿದ್ದಳು.
ಒಂದು ಸಂಜೆ ತಾನಾಗಿ ತೆಗೆದಳು:
ನೆಲ್ಯಹುದಿಕೇರಿ ತಿರುವಿನಲ್ಲಿ ಒಂಟಿ ಆನೆ,
ಎರಡು ಗಂಟೆ. ಡ್ರೈವರು ದೀಪ ಆರಿಸಿದ.
ಒಳಗೆ ಎರವರ ಮುತ್ತಿಗೆ ಹೆರಿಗೆ ನೋವು.
"ಕೂಗಬೇಡ ಅಂದೆ. ಕೂಗಲಿಲ್ಲ,
ನನ್ನ ತೋಳು ಕಚ್ಚಿದಳು.
ಮಗು ಮಾತ್ರ ಹೇಳಿದ್ದು ಕೇಳಲಿಲ್ಲ.
ಅದು ಅತ್ತಿತು, ಆನೆ ದಾರಿ ಬಿಟ್ಟಿತು."
ತೋಳು ತಿರುಗಿಸಿ ತೋರಿಸಿದಳು: ನಾಲ್ಕು ಹಲ್ಲು.
ಅದರ ಮೇಲೆ ಯಾರೂ ಬಣ್ಣ ಹೊಡೆದಿಲ್ಲ.

ಹೊರಗೆ ಅವಳ ಬಿಳಿ, ಒಳಗೆ ನನ್ನ ಮಂಚ, ಅಂತಾಯಿತು.
ಸೂರಿನಲ್ಲಿ ಸಲೈನ್ ಬಾಟಲಿ ತೂಗುಹಾಕುತ್ತಿದ್ದ ಕೊಕ್ಕೆಗೆ
ಮೊಯ್ದು ಬೆಂಕಿ ಹಿಡಿದಾಗ
ಇಬ್ಬರೂ ಒಟ್ಟಿಗೆ ಕೂಗಿದೆವು: ಬಿಡು.

ಮಡಿಕೇರಿಯ ಸಾಹೇಬರದು ಬೇರೆಯೇ ಕೊಕ್ಕೆ.
"ಗಾಡಿಯಾದರೆ ಒಲೆ ಎಂತಕ್ಕೆ?
ಮನೆಯಾದರೆ ಪಂಚಾಯ್ತಿಗೆ ಹೋಗಿ."
ಮೂರನೆಯ ಸಲ ಹೋದಾಗ ಅಕ್ಕ ಅವರ ಬಿಪಿ ನೋಡಿದಳು.
ಸಹಿ ಇನ್ನೂ ಬಿದ್ದಿಲ್ಲ.
ಉಪ್ಪು ಬಿಟ್ಟಿದ್ದಾರಂತೆ.

ಹಾಗಾಗಿ ಮೊದಲ ರಾತ್ರಿ ಕಣದಲ್ಲೇ ಕಳೆಯಿತು.
ಇಂಜಿನ್ ಸಿಡುಕಿತು, ಕೆಮ್ಮಿತು, ಹಿಡಿಯಿತು.
ಗೇಟಿನವರೆಗೆ ಹೋಗಿ ತಿರುಗಿ ಬಂದೆವು, ಅಷ್ಟೆ.
ಇಬ್ಬರ ನಡುವೆ ಬಿಸಿಯಾಗಿದ್ದ ಇಂಜಿನ್ ಮುಚ್ಚಳದ ಮೇಲೆ
ಲೋಟವಿಟ್ಟು ಕಾಫಿ ಕುಡಿದೆವು.

ನಡುರಾತ್ರಿ ಹೂಮಳೆ ಹುಯ್ಯಿತು,
ಮಾರ್ಚಿನಿಂದ ಗಿಡಗಳು ಕಾದಿದ್ದ ಮಳೆ.
ಕೊಕ್ಕೆಯ ಬುಡದಲ್ಲಿ, ಬೆಸುಗೆ ತಪ್ಪಿದ ಸೂಜಿತೂತಿನಿಂದ
ಹನಿಯೊಂದು ಇಳಿಯಿತು,
ಕೊಕ್ಕೆಯ ತುದಿಯಲ್ಲಿ ತಡೆದು, ದಪ್ಪವಾಗಿ, ಬಿತ್ತು.
ನಾನು ಪಾತ್ರೆಗೆ ತಡಕಾಡಿದೆ.
ಅಕ್ಕ ಕತ್ತಲಲ್ಲೇ ರೇಡಿಯಂ ಮುಳ್ಳಿನ ವಾಚು
ಕಣ್ಣ ಹತ್ತಿರ ಹಿಡಿದಳು. ತುಟಿ ಆಡುತ್ತಿತ್ತು.

"ನಿಮಿಷಕ್ಕೆ ಹದಿನಾರು," ಅಂದಳು.
"ಸರಿಯಿದೆ. ಮಲಗು."